ಎರಡು ನಿಮಿಷದ ಥ್ರಿಲ್ಲರ್ ಆರಂಭ: ಪಾತ್ರ ಯಾವ ಓಣಿಯದು, ಭಯ ಎಲ್ಲಿಯದು?

ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಿಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟರೆ ಹುಡುಗರು ಮೊದಲು ಕ್ಯಾಮೆರಾ ಹುಡುಕುತ್ತಾರೆ, ಆಮೇಲೆ ಪಾಳುಬಿದ್ದ ಮನೆ ಹುಡುಕುತ್ತಾರೆ, ಕೊನೆಗೆ ಗೆಳೆಯರಲ್ಲಿ ಯಾರು ಖದೀಮನ ಥರ ಕಾಣುತ್ತಾನೆ ಅಂತ ಹುಡುಕುತ್ತಾರೆ. ಎಡವಟ್ಟು ಆಗುವುದು ಈ ಮೂರನೆಯ ಹುಡುಕಾಟದಲ್ಲಿ. ‘ಖದೀಮನ ಥರ’ ಅಂದರೇನು ಎಂದು ಬಿಡಿಸಿ ಕೇಳಿ ನೋಡಿ: ಕಪ್ಪು ಮೈಬಣ್ಣ, ಗಡ್ಡ, ಮಾಸಿದ ಅಂಗಿ, ಒರಟು ಮಾತು. ಇವೆಲ್ಲ ಯಾವುದೋ ಒಂದು ಸಮುದಾಯದ, ಒಂದು ವರ್ಗದ, ಒಂದು ಓಣಿಯ ಗುರುತುಗಳೇ.

ಲೆಕ್ಕ ಹಾಕೋಣ. ಎರಡು ನಿಮಿಷ ಅಂದರೆ 120 ಸೆಕೆಂಡು. ಟೈಟಲ್ ಕಾರ್ಡು ಎಂಟರಿಂದ ಹತ್ತು, ಒಂದೊಂದು ಎರಡೂವರೆ ಸೆಕೆಂಡು. ಹಾಗಾಗಿ 20ರಿಂದ 25 ಸೆಕೆಂಡು ನೋಡುವವರ ಕಣ್ಣು ಅಕ್ಷರದ ಮೇಲಿರುತ್ತದೆ. ಶಾಟುಗಳು 30ರ ಆಸುಪಾಸು. ಮುಖ್ಯ ಪಾತ್ರಕ್ಕೆ 40 ಸೆಕೆಂಡು ಸಿಕ್ಕರೆ ದೊಡ್ಡದು, ಎದುರಾಳಿಗೆ 15, ಉಳಿದವರಿಗೆ ಮೂರು ನಾಲ್ಕು. ಇಷ್ಟರಲ್ಲೇ ನೋಡುವವರು ಪಾತ್ರದ ವಯಸ್ಸು, ಊರು, ಗಳಿಕೆ, ಮನೆಮಾತು, ಜಾತಿ, ಧರ್ಮ ಎಲ್ಲವನ್ನೂ ಅಳೆದು ಮುಗಿಸಿರುತ್ತಾರೆ. ಅಳೆಯಬೇಡಿ ಅಂತ ಹೇಳಲು ನಿಮಗೆ ಬರುವುದಿಲ್ಲ. ಅಳತೆಗೋಲು ಯಾವುದು ಕೊಡಬೇಕು ಎಂಬುದಷ್ಟೇ ನಿಮ್ಮ ಕೈಯಲ್ಲಿದೆ.

ಸ್ಟೀರಿಯೊಟೈಪ್ ಎಂಬ ಮಾತು ಮೂಲತಃ ಅಚ್ಚುಕೂಟದ್ದು. ಒಮ್ಮೆ ಎರಕ ಹೊಯ್ದು ಪುಟವನ್ನು ಮತ್ತೆ ಮತ್ತೆ ಒತ್ತುವ ಲೋಹದ ಫಲಕಕ್ಕೆ ಆ ಹೆಸರು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಅದನ್ನು ಜನರ ತಲೆಯೊಳಗಿನ ಸಿದ್ಧ ಚಿತ್ರಗಳಿಗೆ ಬಳಸಿದ. ಕನ್ನಡದಲ್ಲಿ ಪಡಿಯಚ್ಚು ಅಂದರೆ ಸಾಕು. ಹೋಳಿ ಹುಣ್ಣಿಮೆಗೆ ಸಕ್ಕರೆ ಸರ ಮಾಡುವ ಅಚ್ಚು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಯಾರು ಪಾಕ ಹೊಯ್ದರೂ ಹೊರಗೆ ಬರುವ ಆಕಾರ ಒಂದೇ. ಥ್ರಿಲ್ಲರ್ ಆರಂಭದಲ್ಲಿ ಪಡಿಯಚ್ಚನ್ನು ಪೂರ್ತಿ ಬಿಡಲು ಆಗುವುದಿಲ್ಲ, ಸಮಯವೇ ಇಲ್ಲ. ಹಾಗಾಗಿ ಒಂದು ಕಟ್ಟು ಹಾಕಿಕೊಳ್ಳಿ: ಗುರುತು ಪಾತ್ರದ ಊರು ಕೇರಿ ಹೇಳಲಿ, ಹೆದರಿಸುವ ಕೆಲಸವನ್ನು ಘಟನೆಗೆ ಬಿಡಿ.

ಮೊದಲು ಕಾಗದದ ಮೇಲೆ

ಸ್ಕ್ರಿಪ್ಟ್ ಬರೆಯುವ ಮುಂಚೆ ಪ್ರತಿ ಪಾತ್ರಕ್ಕೆ ಅರ್ಧ ಪುಟ ಇಡಿ. ವಯಸ್ಸು, ಹುಟ್ಟಿದ ಊರು, ಈಗಿರುವ ಜಾಗ, ಕೆಲಸ, ಮನೆಯಲ್ಲಿ ಆಡುವ ಮಾತು, ಹೊರಗೆ ಆಡುವ ಮಾತು, ಈ ರಾತ್ರಿ ಕಿಸೆಯಲ್ಲಿರುವ ದುಡ್ಡು. ಕೊನೆಗೆ ಇನ್ನೊಂದು ಸಾಲು: ಇವರನ್ನು ಯಾರು ‘ಬಾ’ ಅನ್ನುತ್ತಾರೆ, ಯಾರು ‘ಬರ್ರಿ’ ಅನ್ನುತ್ತಾರೆ? ಈ ಸಾಲು ಬರೆಯದೆ ಮುಂದೆ ಹೋಗಬೇಡಿ. ಪಾತ್ರದ ಸಾಮಾಜಿಕ ಸ್ಥಾನವನ್ನು ಬಟ್ಟೆಗಿಂತ ಚೆನ್ನಾಗಿ ಹೇಳುವುದು ಉಳಿದವರು ಅದನ್ನು ನಡೆಸಿಕೊಳ್ಳುವ ರೀತಿ. ಚಹಾದಂಗಡಿಯಲ್ಲಿ ಒಬ್ಬನಿಗೆ ಗಾಜಿನ ಗ್ಲಾಸನ್ನು ಕೈಗೇ ಕೊಟ್ಟು, ಇನ್ನೊಬ್ಬನ ಮುಂದೆ ಕಾಗದದ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟು ಸರಿಸಿದರೆ ಮೂರು ಸೆಕೆಂಡಿನಲ್ಲಿ ಕಥೆಯ ಅರ್ಧ ಮುಗಿಯಿತು. ಯಾರ ಜಾತಿಯ ಹೆಸರನ್ನೂ ಹೇಳಬೇಕಾಗಲಿಲ್ಲ.

ಆಮೇಲೆ ಆ ಅರ್ಧ ಪುಟದಿಂದ ಎರಡೇ ಎರಡು ಗುರುತು ಆರಿಸಿ. ಒಂದೇ ಇಟ್ಟರೆ ನೋಡುವವರು ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ. ಮೂರು ದಾಟಿದರೆ ಅದು ಛದ್ಮವೇಷ ಸ್ಪರ್ಧೆ. ಎರಡರಲ್ಲಿ ಒಂದು ಮೈಮೇಲಿನದಾಗಿರಲಿ, ಇನ್ನೊಂದು ಮಾತಿನದೋ ನಡವಳಿಕೆಯದೋ ಆಗಿರಲಿ.

ಹೆಸರು, ಅಡ್ಡಹೆಸರು

ನಮ್ಮ ಉತ್ತರ ಕರ್ನಾಟಕದ ಕಡೆ ಎಲ್ಲಕ್ಕಿಂತ ಬೇಗ ಜಾತಿ ಹೇಳುವ ವಸ್ತು ಅಡ್ಡಹೆಸರು. ಹಿರೇಮಠ, ಕುಲಕರ್ಣಿ, ಬಡಿಗೇರ, ನದಾಫ, ರಾಠೋಡ ಎಂದು ಬಾಗಿಲ ಮೇಲಿನ ಫಲಕದಲ್ಲಿ ಒಂದು ಸೆಕೆಂಡು ಕಂಡರೂ ಬಾಗಲಕೋಟೆ, ವಿಜಯಪುರದ ನೋಡುಗರು ತೀರ್ಪು ಕೊಟ್ಟು ಆಗಿರುತ್ತದೆ. ಮೊಬೈಲ್ ಪರದೆ, ಐಡಿ ಕಾರ್ಡು, ಅಂಗಡಿ ಬೋರ್ಡು, ಬೈಕಿನ ನಂಬರ್ ಪ್ಲೇಟಿನ ಮೇಲಿನ ಸ್ಟಿಕ್ಕರ್ ಇವೆಲ್ಲ ತಂಡದ ಗಮನಕ್ಕೆ ಬಾರದೆ ಫ್ರೇಮಿನೊಳಗೆ ನುಗ್ಗುವ ಹೆಸರುಗಳು. ಲೊಕೇಶನ್ ನೋಡಲು ಹೋದಾಗ ಫೋಟೊ ತೆಗೆದು ಪ್ರತಿಯೊಂದು ಅಕ್ಷರ ಓದಿ. ಕೊಲೆಯಾದ ಮನೆ ಎಂದು ತೋರಿಸುವ ಬಾಗಿಲಿನ ಮೇಲೆ ನಿಜವಾದ ಯಜಮಾನರ ಹೆಸರು ಉಳಿದಿದ್ದರೆ ಮರುದಿನ ಅವರು ಕಾಲೇಜಿಗೇ ಬರುತ್ತಾರೆ, ಬರಬೇಕಾದ್ದೇ.

ಎದುರಾಳಿಗೆ ಅಡ್ಡಹೆಸರು ಕೊಡದಿರುವುದು ಒಳ್ಳೆಯದು. ಕೊಡಲೇಬೇಕಾದರೆ ಅದೇ ಅಡ್ಡಹೆಸರಿನ ಇನ್ನೊಂದು ಪಾತ್ರ ಕಥೆಯಲ್ಲಿ ಇರಲಿ, ಒಳ್ಳೆಯದೂ ಅಲ್ಲದ ಕೆಟ್ಟದೂ ಅಲ್ಲದ ಸಾದಾ ಪಾತ್ರ.

ಮಾತಿನ ಧಾಟಿ

ವಿಜಯಪುರದಲ್ಲಿ ಶೂಟ್ ಮಾಡಿದ ಸಿನಿಮಾದಲ್ಲಿ ನಾಯಕಿ ಬೆಂಗಳೂರಿನ ಕನ್ನಡ ಆಡಿ, ಕಾವಲುಗಾರ ಮತ್ತು ಕುಡುಕ ಮಾತ್ರ ನಮ್ಮ ಕನ್ನಡ ಆಡಿದರೆ ಏನು ಹೇಳಿದಂತಾಯಿತು? ಈ ತಪ್ಪನ್ನು ಮಾಡುವವರು ಹೊರಗಿನವರಲ್ಲ, ಇಲ್ಲಿಯ ಹುಡುಗರೇ. ಸಿನಿಮಾ ಅಂದರೆ ಹಾಗೇ ಮಾತಾಡಬೇಕು ಎಂಬುದು ತಲೆಯಲ್ಲಿ ಕೂತುಬಿಟ್ಟಿದೆ.

ನಮ್ಮ ಮಾತಿನೊಳಗೇ ಮೆಟ್ಟಿಲುಗಳಿವೆ, ಅವನ್ನು ಬಳಸಿ. ‘ಮಾಡಾಕತ್ತೀನಿ’ ಅನ್ನುವವರು ಒಂದು ಕಡೆ, ‘ಮಾಡಲಿಕತ್ತೇನಿ’ ಅನ್ನುವ ಹಳೆಯ ಓದಿದ ಮನೆಗಳವರು ಇನ್ನೊಂದು ಕಡೆ. ‘ಮಾಡ್ತಾ ಇದ್ದೀನಿ’ ಅನ್ನುವ ಇನ್‌ಸ್ಪೆಕ್ಟರ್ ಇದ್ದರೆ ವರ್ಗಾವಣೆಯಾಗಿ ಬಂದ ಹೊರಗಿನವನು ಎಂದು ಬೇರೆ ಹೇಳಬೇಕಿಲ್ಲ. ವಯಸ್ಸಿನ ಗುರುತೂ ಮಾತಿನಲ್ಲೇ ಸಿಗುತ್ತದೆ. 2014ರ ನವೆಂಬರ್ 1ರಿಂದ ಕಾಗದದ ಮೇಲೆ ವಿಜಯಪುರ ಆದರೂ ಹಿರಿಯರ ಬಾಯಲ್ಲಿ ಬಿಜಾಪುರವೇ. ಫೋನಿನಲ್ಲಿ ಕೇಳುವ ಒಂದು ದನಿ ‘ಬಿಜಾಪುರಕ್ಕ ಯಾವಾಗ ಬಂದಿ?’ ಅಂದರೆ ಆ ದನಿಗೆ ತಾನಾಗಿ ವಯಸ್ಸು ಬಂತು.

ಬೆಳಗಾವಿಯಲ್ಲಿ ಇನ್ನೂ ಜೋಪಾನ ಬೇಕು. ಅಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಮಾತಿನ ನಡುವೆ ಕನ್ನಡದಿಂದ ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಾರೆ. ಹಾಗೆ ಹೊರಳುವುದನ್ನು ಇದ್ದಂತೆ ತೋರಿಸಿದರೆ ಊರು ಜೀವಂತ. ಬೆದರಿಕೆ ಹಾಕುವಾಗ ಮಾತ್ರ ಒಂದು ಭಾಷೆ, ಪ್ರೀತಿಯಿಂದ ಮಾತಾಡುವಾಗ ಇನ್ನೊಂದು ಭಾಷೆ ಎಂದು ಹಂಚಿದರೆ ಥ್ರಿಲ್ಲರ್ ಹೋಗಿ ಜಗಳ ಶುರು.

ಬಟ್ಟೆ, ಚಪ್ಪಲಿ, ಗಾಡಿ

ಇಳಕಲ್ ಸೀರೆ, ಗುಳೇದಗುಡ್ಡ ಖಣ ಹಾಕಿಸಿದ ಕೂಡಲೇ ‘ಹಳ್ಳಿಯ ಮುಗ್ಧ ತಾಯಿ’ ಎಂದು ಮುಗಿಸಿಬಿಡುತ್ತಾರೆ. ಟೋಪ ತೆನಿ ಸೆರಗಿನ ಅದೇ ಸೀರೆ ಉಟ್ಟು ಸಂತೆಯಲ್ಲಿ ಬಡ್ಡಿ ಲೆಕ್ಕ ಬರೆಯುವ ಹೆಂಗಸೂ ಇರುತ್ತಾಳೆ, ಅವಳು ಯಾರ ಪಾಲಿಗೆ ಮುಗ್ಧೆ? ಲಂಬಾಣಿ ಪಾತ್ರ ಬೇಕೆಂದು ಕನ್ನಡಿ ಹೊಲಿದ ಲಂಗ, ರವಿಕೆ ಬಾಡಿಗೆಗೆ ತರಬೇಡಿ. ತಾಂಡಾಗಳಲ್ಲಿ ಅದನ್ನು ದಿನವೂ ಉಡುವವರು ಹೆಚ್ಚಾಗಿ ಹಿರಿಯ ಹೆಂಗಸರು. ಗೋವಾಕ್ಕೆ ದುಡಿಯಲು ಹೋಗಿ ಬಂದ 22 ವರ್ಷದವನು ಜೀನ್ಸ್ ಹಾಕಿರುತ್ತಾನೆ. ಅವನ ಕೈಯಲ್ಲಿ ಒಂದು ಚೀಲ, ಕಿವಿಗೆ ಇಟ್ಟ ಫೋನಿನಲ್ಲಿ ಅವ್ವನ ಜೊತೆ ಅವನ ಮನೆಮಾತು, ಇಷ್ಟು ಸಾಕು.

ಹಣದ ಅಂತರವನ್ನು ಪಾದದ ಮಟ್ಟದಲ್ಲಿ ತೋರಿಸುವುದು ಸುಲಭ ಮತ್ತು ಅಗ್ಗ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತು 2019ರಲ್ಲಿ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿ ಬಂತು. ಅಥಣಿ ಕಡೆ ಅದನ್ನು ಹೊಲಿಯುವ ಕೈಗಳು ಒಂದು ಸಮುದಾಯದವು, ಕರಕರ ಸದ್ದು ಮಾಡುತ್ತ ಮೆಟ್ಟಿ ನಡೆಯುವ ಕಾಲುಗಳು ಹೆಚ್ಚಾಗಿ ಬೇರೆಯವರವು. ಹೊಲಿಯುವ ಕೈ, ನಡೆಯುವ ಕಾಲು, ಎರಡು ಕ್ಲೋಸಪ್, ಒಂದೇ ಸದ್ದು: ಊರಿನ ಅಧಿಕಾರ ಯಾರ ಬಳಿ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆರು ಸೆಕೆಂಡು ಸಿಗುವುದು ಕಷ್ಟ. ಗಾಡಿಯೂ ಹಾಗೇ. ಎಕ್ಸೆಲ್ ಮೊಪೆಡ್ ಮತ್ತು ಬುಲೆಟ್ ಒಂದೇ ಫ್ರೇಮಿನಲ್ಲಿ ನಿಂತರೆ ಸಂಭಾಷಣೆ ಬೇಡ.

ವಯಸ್ಸಿನ ತೊಡಕು ಬೇರೆ. ತಂಡದಲ್ಲಿ ಎಲ್ಲರಿಗೂ 19, 20. ಅಪ್ಪನ ಪಾತ್ರಕ್ಕೆ ಕೂದಲಿಗೆ ಪೌಡರ್ ಬಳಿಯುತ್ತಾರೆ. ಕಂಪನಿ ನಾಟಕದಲ್ಲಿ 30 ಅಡಿ ದೂರ ಕೂತವರಿಗೆ ಅದು ನಡೆಯುತ್ತದೆ, ಕ್ಲೋಸಪ್ಪಿನಲ್ಲಿ ನಗು ಬರುತ್ತದೆ. ಹಿರಿಯರ ಮುಖ ಬೇಡ, ಕೈ ಮತ್ತು ದನಿ ತೆಗೆದುಕೊಳ್ಳಿ. ಯಾರದಾದರೂ ಮನೆಯ ಅಜ್ಜನನ್ನು ಒಂದು ಗಂಟೆ ಕೂರಿಸಿ, ಎಲೆ ಅಡಿಕೆ ಹಾಕಿಕೊಳ್ಳುವ ಕೈಯನ್ನು ಮೂರು ಕೋನದಿಂದ ತೆಗೆದರೆ ಮುಗಿಯಿತು.

ಹುಡುಗಿಯನ್ನು ನೋಡುವುದೋ, ಹುಡುಗಿ ನೋಡುವುದೋ

ಥ್ರಿಲ್ಲರ್ ಆರಂಭ ಅಂದರೆ ಒಬ್ಬಳೇ ಹೋಗುವ ಹುಡುಗಿ, ಹಿಂದೆ ಹೆಜ್ಜೆ ಸದ್ದು. ಹೊಸದನ್ನು ಯೋಚಿಸಿ ಅಂದರೂ ಹತ್ತರಲ್ಲಿ ಆರು ತಂಡ ಇದನ್ನೇ ತರುತ್ತವೆ. ತರಲಿ, ಆದರೆ ಶಾಟ್ ಎಣಿಸಿ. ಕಾಗದದ ಮೇಲೆ ಎರಡು ಸಾಲು ಹಾಕಿ: ಅವಳನ್ನು ಯಾರೋ ನೋಡುತ್ತಿರುವ ಶಾಟ್ ಎಷ್ಟು, ಅವಳು ಏನನ್ನೋ ನೋಡುತ್ತಿರುವ ಶಾಟ್ ಎಷ್ಟು. ಮೊದಲನೆಯದು 9, ಎರಡನೆಯದು 1 ಬಂದರೆ ಅವಳು ಪಾತ್ರವಾಗಿ ಉಳಿದಿಲ್ಲ, ಬೇಟೆಯ ಪ್ರಾಣಿ ಆಗಿದ್ದಾಳೆ. ಕನಿಷ್ಠ ಸಮ ಮಾಡಿ. ಅವಳ ಕಣ್ಣಿನ ಎತ್ತರದಿಂದ ತೆಗೆದ ಶಾಟ್ ಸೇರಿಸಿದರೆ ಭಯ ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತದೆ. ನೋಡುವವರು ಈಗ ಅವಳ ಜೊತೆ ನಿಂತಿರುತ್ತಾರಲ್ಲ. ಹಿಂದಿನಿಂದ ಸೊಂಟದ ಮಟ್ಟದ ಶಾಟನ್ನು ಬಿಟ್ಟುಬಿಡಿ. ಹಾಸ್ಟೆಲ್ ಗೇಟು ಮುಚ್ಚುವ ಸಮಯಕ್ಕೆ ಗಡಿಯಾರ ನೋಡುವ ಹುಡುಗಿ ನಮ್ಮ ಊರಿನ ಹುಡುಗಿ. ಅವಳಿಗೆ ಎದುರಾಳಿ ಬರುವ ಮುಂಚೆಯೇ ಒಂದು ಆತಂಕ ಇದೆ, ಅದನ್ನು ಬಳಸಿ.

ತೃತೀಯ ಲಿಂಗಿಗಳ ವಿಷಯದಲ್ಲಿ ಒಂದೇ ಮಾತು. ಸವದತ್ತಿ ಎಲ್ಲಮ್ಮನ ಜೋಗಪ್ಪನನ್ನೋ, ಚಪ್ಪಾಳೆ ತಟ್ಟುವ ಇನ್ನೊಬ್ಬರನ್ನೋ ಕತ್ತಲಿನಿಂದ ಹಠಾತ್ತಾಗಿ ತೋರಿಸಿ ಬೆಚ್ಚಿಬೀಳಿಸುವ ಶಾಟ್ ಬೇಡವೇ ಬೇಡ.

ಟಂಟಂ: ಒಂದೇ ದೃಶ್ಯ, ಎರಡು ರೀತಿ

ಮೇಲೆ ಹೇಳಿದ್ದನ್ನೆಲ್ಲ ಒಂದು ದೃಶ್ಯದಲ್ಲಿ ಇಟ್ಟು ನೋಡೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ರಾತ್ರಿ ಬಸ್ ಸ್ಟ್ಯಾಂಡ್ ಎದುರು ಹುಡುಗಿ ಟಂಟಂ (ಹಲವರು ಕೂಡಿ ಕೂರುವ ಬಾಡಿಗೆ ಆಟೋ) ಹತ್ತುತ್ತಾಳೆ. ಕನ್ನಡಿಯಲ್ಲಿ ಚಾಲಕನ ಕಣ್ಣು. ಅವನ ಟೋಪಿ ಮತ್ತು ಗಡ್ಡದ ಕ್ಲೋಸಪ್. ದುಪಟ್ಟಾ ಬಿಗಿಹಿಡಿದ ಬೆರಳು. ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದು. ನಾಲ್ಕು ಶಾಟ್ ಆದವು, ಏನೂ ನಡೆದಿಲ್ಲ. ಭಯವೆಲ್ಲ ಟೋಪಿಯ ತಲೆಗೆ ಕಟ್ಟಿದ್ದು. ವಿಜಯಪುರದಂಥ ಊರಿನಲ್ಲಿ ಅದೇ ಕ್ಲಾಸಿನ ಮೂರನೆಯ ಬೆಂಚಿನಲ್ಲಿ ಅಂಥ ಚಾಲಕನ ಮಗನೋ ಮಗಳೋ ಕೂತು ಇದನ್ನು ನೋಡಬೇಕಾಗುತ್ತದೆ.

ಈಗ ತಿದ್ದಿದ ಪಟ್ಟಿ, ಒಟ್ಟು 30 ಸೆಕೆಂಡು:

ಶಾಟ್ 1, 6 ಸೆಕೆಂಡು: ದೂರದಿಂದ ತುಂಬಿದ ಟಂಟಂ. ಅಂಚಿನಲ್ಲಿ ಹುಡುಗಿ, ತೊಡೆಯ ಮೇಲೆ ಚೀಲ.
ಶಾಟ್ 2, 3 ಸೆಕೆಂಡು: ಚಾಲಕನ ಕೈ. ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ಹತ್ತರ ನೋಟುಗಳು.
ಶಾಟ್ 3, 4 ಸೆಕೆಂಡು: ಅವಳ ಕಣ್ಣಿನಿಂದ, ಒಬ್ಬೊಬ್ಬರೇ ಇಳಿದು ಹೋಗುತ್ತಾರೆ.
ಶಾಟ್ 4, 3 ಸೆಕೆಂಡು: ಅವಳು ಇಳಿದು ದುಡ್ಡು ಕೊಡುತ್ತಾಳೆ.
ಶಾಟ್ 5, 4 ಸೆಕೆಂಡು: ಚಾಲಕ, ‘ತಂಗೀ, ಫೋನ್ ಇಲ್ಲೇ ಬಿಟ್ಟ ಹೊಂಟೀಯಲ್ಲ!’
ಶಾಟ್ 6, 2 ಸೆಕೆಂಡು: ಚೀಲದೊಳಗೆ ಅವಳ ಕೈ. ಅವಳ ಫೋನ್ ಅಲ್ಲೇ ಇದೆ.
ಶಾಟ್ 7, 3 ಸೆಕೆಂಡು: ಸೀಟಿನ ಮೇಲೆ ಇನ್ನೊಂದು ಫೋನ್ ರಿಂಗಾಗುತ್ತಿದೆ. ಪರದೆಯ ಮೇಲೆ ಅವಳದೇ ಫೋಟೊ, ಇವತ್ತಿನ ಬಟ್ಟೆಯಲ್ಲಿ.
ಶಾಟ್ 8, 5 ಸೆಕೆಂಡು: ಇಬ್ಬರ ಮುಖವೂ ಒಂದೇ ಫ್ರೇಮಿನಲ್ಲಿ, ಒಂದೇ ಎತ್ತರದಲ್ಲಿ. ಇಬ್ಬರಿಗೂ ಗೊತ್ತಿಲ್ಲ.

ಚಾಲಕನಿಗೆ ಟೋಪಿ ಇದ್ದರೂ ಈಗ ಅಡ್ಡಿಯಿಲ್ಲ, ಅದು ಅವನ ದಿನದ ಉಡುಪಷ್ಟೇ. ಅವನು ದುಡಿಯುವವನು ಎಂದು ಹೇಳಿದ್ದು ಶಾಟ್ 2ರ ನೋಟುಗಳು, ಅವಳ ಜೊತೆ ಅವನ ಸಂಬಂಧ ಹೇಳಿದ್ದು ‘ತಂಗೀ’ ಎಂಬ ಒಂದು ಪದ. ಫೋನ್ ಬಿಟ್ಟುಹೋದವರು ಮೊದಲೇ ಇಳಿದುಹೋದವರಲ್ಲಿ ಒಬ್ಬರು, ಆದ್ದರಿಂದ ಶಾಟ್ 3ರಲ್ಲಿ ಇಳಿಯುವವರು ಬೇರೆ ಬೇರೆ ವಯಸ್ಸು, ಬೇರೆ ಬೇರೆ ಉಡುಪಿನವರಾಗಿರಲಿ. ಶಂಕೆ ಎಲ್ಲರ ಮೇಲೂ ಸಮನಾಗಿ ಹಂಚಿಹೋಗುತ್ತದೆ.

ಇಲ್ಲೊಂದು ಹಳ್ಳವಿದೆ. ‘ಮೊದಲು ಚಾಲಕನನ್ನು ಭಯಾನಕವಾಗಿ ತೋರಿಸಿ, ಆಮೇಲೆ ಒಳ್ಳೆಯವನು ಎಂದು ತಿರುಗಿಸೋಣ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡು ನಿಮಿಷದಲ್ಲಿ ಆ ತಿರುವು ಕೆಲಸ ಮಾಡುವುದಿಲ್ಲ. ತಲೆಯಲ್ಲಿ ಉಳಿಯುವುದು ಮೊದಲ 20 ಸೆಕೆಂಡಿನ ಕೆಟ್ಟ ಮುಖವೇ. ಅವನ ಒಳ್ಳೆಯತನವೂ ನಿಮ್ಮ ಟ್ರಿಕ್ಕಿಗೆ ಬಳಸಿದ ಸಾಮಾನಾಗುತ್ತದೆ.

ಇದನ್ನು ಶೂಟ್ ಮಾಡುವಾಗ ಟಂಟಂ ಓಡಿಸಬೇಡಿ. ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಹಿಂದಿನಿಂದ ಇಬ್ಬರು ಮೆಲ್ಲಗೆ ಅಲ್ಲಾಡಿಸಲಿ, ಒಬ್ಬರು ಟಾರ್ಚ್ ಹಿಡಿದು ಮೂರು ಸೆಕೆಂಡಿಗೊಮ್ಮೆ ಮುಂದಿನಿಂದ ಹಿಂದಕ್ಕೆ ಸಾಗಲಿ, ಬೀದಿದೀಪ ಹಾದುಹೋದಂತೆ ಕಾಣುತ್ತದೆ. ಎಂಜಿನ್ ಸದ್ದನ್ನು ಬೇರೆ ರೆಕಾರ್ಡ್ ಮಾಡಿ ಸೇರಿಸಿ. ಶಾಟ್ 7ರ ಫೋನಿಗೆ ನಿಜವಾದ ಕರೆ ಬೇಡ, ಹತ್ತಂಕಿಯ ನಂಬರ್ ಫ್ರೇಮಿನಲ್ಲಿ ಉಳಿದುಬಿಡುತ್ತದೆ. ಕರೆ ಬಂದಂತೆ ಕಾಣುವ ಒಂದು ಚಿತ್ರ ಮಾಡಿ ಪೂರ್ತಿ ಪರದೆಗೆ ಹಾಕಿ, ಬೆಳಕನ್ನು 30 ಶೇಕಡಾಕ್ಕೆ ಇಳಿಸಿ. ಇಳಿಸದಿದ್ದರೆ ರಾತ್ರಿ ಕ್ಯಾಮೆರಾಕ್ಕೆ ಅದು ಬರೀ ಬಿಳಿ ಚೌಕ.

ಬೆಳಕು ಮತ್ತು ಮೈಬಣ್ಣ

ತಂಡದಲ್ಲಿ ಎಲ್ಲರಿಗಿಂತ ಕಪ್ಪಗಿರುವವನಿಗೆ ಕೊಲೆಗಾರನ ಪಾತ್ರ ಬರುವುದು ಕಾಕತಾಳೀಯ ಅಲ್ಲ. ಪಾತ್ರ ಹಂಚುವಾಗ ಮುಖ ನೋಡಬೇಡಿ, ಎಲ್ಲರಿಂದ ಎಲ್ಲ ಪಾತ್ರದ ಒಂದೊಂದು ಮಾತು ಆಡಿಸಿ, ಕಣ್ಣು ಮುಚ್ಚಿ ಕೇಳಿ ಆರಿಸಿ.

ಆಮೇಲಿನ ಅನ್ಯಾಯ ಎಕ್ಸ್‌ಪೋಶರಿನದು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಅಳತೆಯದು. ಫೋನ್ ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಬಿಳಿಚಿದ ಮುಖಕ್ಕೋ ಹಿಂದಿನ ದೀಪಕ್ಕೋ ಹೊಂದಿಕೊಂಡು ಕಪ್ಪು ಮುಖವನ್ನು ನುಂಗಿಬಿಡುತ್ತದೆ. ಮುಖದ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಲಾಕ್ ಮಾಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬೇರೆ ಶಟರ್ ಇಟ್ಟರೆ ಟ್ಯೂಬ್‌ಲೈಟು, ಬೀದಿದೀಪ ಮಿನುಗಬಹುದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ದಾಟಿದರೆ ಹೆಚ್ಚಿನ ಫೋನುಗಳಲ್ಲಿ ಕತ್ತಲು ರವೆ ರವೆ ಆಗುತ್ತದೆ. ಎರಡಡಿ ಮೂರಡಿಯ ಬಿಳಿ ಥರ್ಮಾಕೋಲ್ ಹಾಳೆಯನ್ನು ದೀಪದ ಎದುರು ಬದಿಗೆ ಹಿಡಿದರೆ ಮುಖದ ಕತ್ತಲ ಅರ್ಧಕ್ಕೂ ಜೀವ ಬರುತ್ತದೆ. ಈ ಬೆಳಕು ಇಬ್ಬರಿಗೂ ಒಂದೇ ಇರಲಿ. ನಾಯಕಿಗೆ ಮೆತ್ತನೆಯ ಬೆಳಕು, ಎದುರಾಳಿಗೆ ಕೆಳಗಿನಿಂದ ಟಾರ್ಚ್ ಎಂಬ ಹಂಚಿಕೆ ಮಾಡಿದರೆ ಕಥೆ ಅಲ್ಲೇ ಬಿಟ್ಟುಕೊಟ್ಟಂತೆ. ರಾತ್ರಿಯ ಹೊರಾಂಗಣವನ್ನು ನಿಜವಾದ ರಾತ್ರಿಯಲ್ಲಿ ತೆಗೆಯುವುದಕ್ಕಿಂತ ಸೂರ್ಯ ಮುಳುಗಿದ ಮೇಲಿನ 20 ನಿಮಿಷದಲ್ಲಿ ತೆಗೆಯಿರಿ.

ಸದ್ದಿನಲ್ಲೂ ಇದೇ ಎಚ್ಚರ. ಆಜಾನ್ ನಮ್ಮ ಊರಿನ ಗಡಿಯಾರ, ಸಂಜೆಯಾಯಿತು ಎಂದು ಹೇಳಲು ದೂರದಿಂದ ಮೆಲ್ಲಗೆ ಇಡಬಹುದು. ಚಾಕು ಕಂಡ ಕ್ಷಣಕ್ಕೇ ಅದರ ದನಿ ಏರಿಸಿದರೆ ಅರ್ಥ ಬೇರೆ. ಗುಡಿಯ ಗಂಟೆಗೂ, ಚೌಡಿಕೆಗೂ, ಹಲಗೆಯ ಸದ್ದಿಗೂ ಇದೇ ಮಾತು.

ಜಾಗ

ಹಳೇ ಬಾಗಲಕೋಟೆಯ ಖಾಲಿ ಮನೆಗಳು ಥ್ರಿಲ್ಲರಿಗೆ ಸಿದ್ಧ ಸೆಟ್ಟಿನಂತೆ ಕಾಣುತ್ತವೆ. ಅವು ದೆವ್ವದ ಮನೆಗಳಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರಿನ ಭಾಗ ಮುಳುಗಿ ಜನ ನವನಗರದ ಸೆಕ್ಟರುಗಳಿಗೆ ಹೋದ ಮೇಲೆ ಉಳಿದ ಗೋಡೆಗಳು. ‘ಮುಳುಗಡೆ’ ಎಂಬ ಪದವೇ ಅಲ್ಲಿ ಒಂದು ಸಾಮಾಜಿಕ ಗುಂಪಿನ ಹೆಸರು. ಪಾತ್ರವೊಂದು ಆ ಮನೆಯ ಬಾಗಿಲ ತೋಳನ್ನು ಸವರಿ ಒಳಗೆ ಹೋದರೆ ಅವನು ಕಳ್ಳನೋ ಹಳೆಯ ಯಜಮಾನನೋ ಎಂಬ ಪ್ರಶ್ನೆ ಹುಟ್ಟುತ್ತದೆ, ಅದಕ್ಕಿಂತ ಒಳ್ಳೆಯ ಒಗಟು ಬೇಕೆ? ಮಾಲೀಕರನ್ನು ಹುಡುಕಿ ಕೇಳಿ, ಮೇಲ್ಛಾವಣಿ ಗಟ್ಟಿಯಿದೆಯೇ ಹಗಲಿನಲ್ಲಿ ನೋಡಿ ಬನ್ನಿ.

ಗೋಳಗುಮ್ಮಟದೊಳಗೆ ಹೋಗುವ ಆಸೆ ಬಿಡಿ. ಸಂರಕ್ಷಿತ ಸ್ಮಾರಕದಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮುಂಚಿತವಾಗಿ ಬೇಕು, ಮೇಲಾಗಿ ಪಿಸುಮಾತೂ ಮಾರ್ದನಿಸುವ ಜಾಗದಲ್ಲಿ ಸಂಭಾಷಣೆ ರೆಕಾರ್ಡ್ ಆಗುವುದಿಲ್ಲ. ಬೀದಿಯಲ್ಲಿ ಆಟಿಕೆಯ ಬಂದೂಕು, ರಟ್ಟಿನ ಮಚ್ಚು ಹಿಡಿಯುವುದಿದ್ದರೆ ಹತ್ತಿರದ ಠಾಣೆಗೆ ಮೊದಲೇ ಬರೆದು ಕೊಡಿ. ಪೊಲೀಸ್ ಸಮವಸ್ತ್ರದಲ್ಲಿ ಚಹಾ ಕುಡಿಯಲು ಹೋಗಬೇಡಿ.

ತೋರಿಸಿ ನೋಡುವುದು, ಕೆಟ್ಟರೆ ತಿದ್ದುವುದು

ಕಚ್ಚಾ ಎಡಿಟ್ ಆದ ಕೂಡಲೇ ತಂಡದಲ್ಲಿಲ್ಲದ ಆರು ಜನರಿಗೆ ತೋರಿಸಿ. ಆರೂ ಒಂದೇ ಮನೆಯವರಂಥವರಾದರೆ ಪ್ರಯೋಜನವಿಲ್ಲ. ಹಾಸ್ಟೆಲಿನವರು, ಊರಿನವರು, ಇಬ್ಬರು ಹುಡುಗಿಯರು, ಮನೆಯಲ್ಲಿ ಉರ್ದುವೋ ಮರಾಠಿಯೋ ಆಡುವ ಒಬ್ಬರು, 40 ದಾಟಿದ ಒಬ್ಬರು ಇರಲಿ. ಮೊದಲು ಸದ್ದಿಲ್ಲದೆ ಓಡಿಸಿ, 30ನೇ ಸೆಕೆಂಡಿಗೆ ನಿಲ್ಲಿಸಿ, ಚೀಟಿಯ ಮೇಲೆ ಬರೆಸಿ: ಇವರಲ್ಲಿ ಯಾರ ಮೇಲೆ ಅನುಮಾನ, ಅವರು ಏನು ಮಾಡಿದ್ದಕ್ಕೆ ಅನುಮಾನ. ಎರಡನೆಯ ಪ್ರಶ್ನೆಗೆ ‘ನೋಡಿದ್ರ ಗೊತ್ತಾಗ್ತದ’ ಎಂಬ ಉತ್ತರ ಎರಡು ಚೀಟಿಯಲ್ಲಿ ಬಂದರೂ ಎಡಿಟಿಗೆ ವಾಪಸು ಹೋಗಿ.

ಮರು ಶೂಟಿಂಗಿಗೆ ಸಮಯ ಇರುವುದಿಲ್ಲ ಬಿಡಿ. ಇದ್ದ ಶಾಟುಗಳಲ್ಲೇ ಮೂರು ಕೆಲಸ ಮಾಡಬಹುದು. ಆ ಪಾತ್ರದ ಮುಖದ ಮೊದಲ ಶಾಟನ್ನು ತೆಗೆದು, ಅವನ ಕೈ ಏನೋ ಕೆಲಸ ಮಾಡುತ್ತಿರುವ ಶಾಟನ್ನು ಅಲ್ಲಿಡಿ. ಅವನ ಮುಖದ ಕೆಳಗೆ ಹರಿಯುವ ಹಿನ್ನೆಲೆ ಸದ್ದನ್ನು ಪೂರ್ತಿ ತೆಗೆದು ಘಟನೆ ನಡೆದ ಶಾಟಿನಿಂದ ಶುರುಮಾಡಿ. ಕನ್ನಡಿಯಲ್ಲಿ ಕಣ್ಣು ಕಾಣುವ ಶಾಟ್ ಮೂರು ಸೆಕೆಂಡು ಇದ್ದರೆ ಒಂದಕ್ಕೆ ಇಳಿಸಿ, ಅದರ ಮುಂದೆ ರಸ್ತೆಯ ಶಾಟ್ ಒಂದನ್ನು ಹಾಕಿ. ಆಗ ಅವನು ಗಾಡಿ ಓಡಿಸಲು ಕನ್ನಡಿ ನೋಡಿದ ಎಂದು ಅರ್ಥವಾಗುತ್ತದೆ. ತಿದ್ದಿದ್ದನ್ನು ಹಳೆಯ ಆರು ಜನರಿಗೆ ತೋರಿಸಬೇಡಿ, ಅವರಿಗೆ ಉತ್ತರ ಗೊತ್ತು. ಹೊಸ ಆರು ಜನರನ್ನು ಹಿಡಿಯಿರಿ.